ಊರಿಗೆ ಮರಳುವ ಮುನ್ನ: ಎರಡು ಪೌರತ್ವದ ಪ್ರಶ್ನೆ



ಪೆರೇಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ ಎಂಬ ಊರ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ ಎಂಬುದು ‘ಸಮುದ್ರ’ ಎಂಬುದರ ಸವೆದ ರೂಪವೆಂದು ಸ್ಥಳನಾಮಗಳನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಕಡಲನ್ನೇ ಕಾಣದ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲದ ಈ ಬಯಲು ನಾಡಿನ ಜನಕ್ಕೆ ಕೆರೆಯೇ ಸಮುದ್ರವಾಗಿತ್ತು. ಆ ಸಮುದ್ರದ ಏರಿ ದಾಟಿ ಹೋದವರು ಸಂಜೆಗೆ ಮನೆ ಸೇರುತ್ತಿದ್ದರು. ನಿಜವಾದ ಸಮುದ್ರವನ್ನು ದಾಟಿ ಹೋದವರಿಗೆ ಮರಳುವುದು ಅಷ್ಟು ಸುಲಭವಲ್ಲ. ಮನಸ್ಸು ಬಂದರೂ, ಹಣ ಒದಗಿದರೂ, ಮೊದಲು ಒಂದು ಕಾಗದದ ಪ್ರಶ್ನೆ ಬಗೆಹರಿಯಬೇಕು. ಯಾವ ದೇಶದ ಪೌರನಾಗಿ ಊರಿಗೆ ಬರಬೇಕು ಎಂಬುದೇ ಆ ಪ್ರಶ್ನೆ.

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರಕ್ಕೂ ಬಾಗೇಪಲ್ಲಿಗೂ ನಡುವೆ ಪೆರೇಸಂದ್ರ ಇದೆ. ಅಲ್ಲಿನ ಕ್ರಾಸಿನಿಂದ ಗುಡಿಬಂಡೆಗೆ ರಸ್ತೆ ಒಡೆಯುತ್ತದೆ. ಹಿಪ್ಪುನೇರಳೆ, ದ್ರಾಕ್ಷಿ, ಟೊಮೆಟೊ, ಹೂವು ಈ ಸೀಮೆಯ ಬೆಳೆಗಳು. ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಅಂದಿನಿಂದ ಪರದೇಶದ ಬಾಗಿಲು ಈ ಹಳ್ಳಿಗಳಿಗೆ ಗಂಟೆಯೊಂದರ ದಾರಿಯಷ್ಟು ಹತ್ತಿರ ಬಂದಿದೆ. ಬಾಗಿಲು ಹತ್ತಿರವಾದ ಮಾತ್ರಕ್ಕೆ ಹೊಸ್ತಿಲ ಕಟ್ಟಳೆಗಳು ಕರಗಿಲ್ಲ.

ಹೋಗಿ ಬಂದವರು ಈ ಸೀಮೆಗೆ ಹೊಸಬರಲ್ಲ. ಗೌರಿಬಿದನೂರಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರ ಓದಿ, 1960ರಲ್ಲಿ ಪಿಎಚ್.ಡಿ. ಪಡೆದು, ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ ಹಿಂದಿರುಗಿದರು. ಗೌರಿಬಿದನೂರು, ಬಾಗೇಪಲ್ಲಿಗಳ ನ್ಯಾಷನಲ್ ಕಾಲೇಜುಗಳ ಹಿಂದೆ ಅವರ ದುಡಿಮೆಯಿದೆ. ಓದಲು ಹೋಗಿ ಓದು ಮುಗಿಸಿ ಬಂದವರಿಗೆ ಪೌರತ್ವದ ಪ್ರಶ್ನೆ ಏಳುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ದುಡಿದು, ಅಲ್ಲೇ ಮಕ್ಕಳನ್ನು ಪಡೆದು, ಆಮೇಲೆ ಊರಿನ ಕಡೆ ಮುಖ ಮಾಡುವವರಿಗೆ ಅದು ಎದುರು ನಿಲ್ಲುತ್ತದೆ.

ಒಂದು ಮನೆಯ ಉದಾಹರಣೆ

ಮಾತು ಗಾಳಿಯಲ್ಲಿ ತೇಲದಿರಲೆಂದು ಪೆರೇಸಂದ್ರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ನಾಲ್ಕು ಎಕರೆ ಜಮೀನು. ಪಹಣಿ ತಂದೆಯ ಹೆಸರಿನಲ್ಲಿದೆ. ದೊಡ್ಡ ಮಗ ಬೇಸಾಯದಲ್ಲಿದ್ದಾನೆ. ಚಿಕ್ಕ ಮಗ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋಗಿ ಹದಿನೆಂಟು ವರ್ಷವಾಗಿದೆ. ಅವನೂ ಹೆಂಡತಿಯೂ ಭಾರತದ ಪಾಸ್‌ಪೋರ್ಟಿನವರೇ. ಇಬ್ಬರಿಗೂ ಗ್ರೀನ್ ಕಾರ್ಡು, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಐದು ವರ್ಷ ತುಂಬಿದೆ. ಇಬ್ಬರು ಮಕ್ಕಳೂ ಅಲ್ಲೇ ಹುಟ್ಟಿದವರು. ಹಿರಿಯಳು 2014ರಲ್ಲಿ, ಕಿರಿಯವನು 2022ರಲ್ಲಿ. ತಂದೆಗೆ ಕೈಲಾಗದು. ತಾಯಿ ಫೋನಿನಲ್ಲಿ ಕೇಳುವುದು ಒಂದೇ ಮಾತು: “ಯಾವಾಗಪ್ಪ ಬರೋದು?”

ಮಗ ಬರಲು ಒಪ್ಪಿದ್ದಾನೆ. ಆದರೆ ಅಲ್ಲಿನ ಗೆಳೆಯರು ಒಂದು ಸಲಹೆ ಕೊಡುತ್ತಾರೆ: “ಹೋಗೋದಕ್ಕೆ ಮುಂಚೆ ಇಲ್ಲಿಯ ಪೌರತ್ವ ತಗೊಂಡುಬಿಡು. ಎರಡೂ ಕಡೆ ಪೌರನಾಗಿರಬಹುದು.” ಸಲಹೆಯ ಮೊದಲರ್ಧದಲ್ಲಿ ವಿವೇಕವಿದೆ. ಎರಡನೆಯ ಅರ್ಧ ತಪ್ಪು. ಭಾರತದ ಕಾನೂನಿನಲ್ಲಿ ಪ್ರಾಪ್ತ ವಯಸ್ಕನಿಗೆ ಎರಡು ಪೌರತ್ವ ಎಂಬುದು ಇಲ್ಲ.

ಏಕೆ ಇಲ್ಲ?

ಸಂವಿಧಾನ ರಚನಾ ಸಭೆ 1949ರ ಆಗಸ್ಟಿನಲ್ಲಿ ಪೌರತ್ವದ ವಿಧಿಗಳನ್ನು ಚರ್ಚಿಸಿತು. ಇನ್ನೊಂದು ವಿಧಿಯನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ವಿಧಿ ಬೇರಿಲ್ಲ ಎಂಬರ್ಥದ ಮಾತನ್ನು ಡಾ. ಅಂಬೇಡ್ಕರ್ ಅಲ್ಲಿ ಆಡಿದರು. ದೇಶ ಒಡೆದು, ಜನಸಾಗರ ಗಡಿಯ ಅತ್ತಿತ್ತ ಹರಿಯುತ್ತಿದ್ದ ಕಾಲ ಅದು. ಯಾರು ಇಲ್ಲಿಯವರು, ಯಾರು ಅಲ್ಲಿಯವರು ಎಂಬುದನ್ನು ಗೆರೆ ಎಳೆದು ಹೇಳಲೇಬೇಕಾಗಿತ್ತು. ಸಂವಿಧಾನದ 9ನೇ ವಿಧಿ ಹಾಗೆ ಬಂತು: ತಾನಾಗಿ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪೌರನಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಇದನ್ನೇ ಮುಂದುವರಿಸಿತು.

ಇದರಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಭಾರತದ ಪೌರತ್ವ ಹೋಗುವುದಕ್ಕೆ ಅರ್ಜಿ ಬೇಕಿಲ್ಲ, ಆದೇಶ ಬೇಕಿಲ್ಲ. ಪರದೇಶದ ಪೌರತ್ವದ ಪ್ರಮಾಣ ಸ್ವೀಕರಿಸಿದ ಕ್ಷಣಕ್ಕೇ ಅದು ಕಳಚಿಬೀಳುತ್ತದೆ. ಜೇಬಿನಲ್ಲಿರುವ ಭಾರತದ ಪಾಸ್‌ಪೋರ್ಟಿಗೆ ಇನ್ನೂ ಆರು ವರ್ಷದ ಅವಧಿ ಉಳಿದಿರಬಹುದು. ಅದು ಬರಿಯ ಪುಸ್ತಕ. ಅದನ್ನು ದೂತಾವಾಸಕ್ಕೆ ಒಪ್ಪಿಸಿ ಪತ್ರ ಪಡೆಯಬೇಕು. ಹಾಗೆ ಮಾಡದೆ ಅದರಲ್ಲೇ ಪ್ರಯಾಣ ಮಾಡಿದರೆ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ದಂಡಕ್ಕೆ ಗುರಿಯಾಗಬೇಕಾಗುತ್ತದೆ.

ಅಮೆರಿಕದ ಬಾಗಿಲೂ ಮೊದಲಿನಿಂದ ತೆರೆದಿರಲಿಲ್ಲ. ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅದಾಗಲೇ ಪೌರತ್ವ ಪಡೆದಿದ್ದ ಕೆಲವು ಭಾರತೀಯರಿಂದ ಅದನ್ನು ಹಿಂದಕ್ಕೆ ಪಡೆಯಲಾಯಿತು. 1946ರ ಕಾನೂನು ಭಾರತೀಯರಿಗೆ ಪೌರತ್ವದ ಹಕ್ಕು ಕೊಟ್ಟರೂ ವರ್ಷಕ್ಕೆ ನೂರು ಮಂದಿಗಷ್ಟೇ ವಲಸೆಗೆ ಅವಕಾಶವಿತ್ತು. 1965ರ ಕಾನೂನು ಬಂದ ಮೇಲೆಯೇ ವೈದ್ಯರು, ಎಂಜಿನಿಯರುಗಳು ಹೆಚ್ಚಿನ ಸಂಖ್ಯೆಯಲ್ಲಿ ಹೋದದ್ದು. ಒಂದು ಕಾಲಕ್ಕೆ ಅತ್ತಲಿನ ಬಾಗಿಲು ಮುಚ್ಚಿತ್ತು. ಅದು ತೆರೆದ ಮೇಲೆ ಇತ್ತಲಿನ ಬಾಗಿಲಿನ ಅಗುಳಿ ಕಣ್ಣಿಗೆ ಬಿತ್ತು.

ಹೆಸರು ಪೌರತ್ವ, ಕೈಗೆ ಬಂದದ್ದು ಕಾರ್ಡು

ಪರದೇಶದಲ್ಲಿ ನೆಲೆಸಿದವರ ಒತ್ತಾಯ 1990ರ ದಶಕದಲ್ಲಿ ಬಲವಾಯಿತು. 1999ರಲ್ಲಿ ಭಾರತ ಮೂಲದವರಿಗೆ ‘ಪಿಐಒ’ ಕಾರ್ಡು ಬಂತು. ಎಲ್.ಎಂ. ಸಿಂಘ್ವಿಯವರ ಅಧ್ಯಕ್ಷತೆಯ ಉನ್ನತ ಸಮಿತಿ 2002ರ ಜನವರಿಯಲ್ಲಿ ವರದಿ ಒಪ್ಪಿಸಿ, ಆಯ್ದ ದೇಶಗಳಲ್ಲಿರುವವರಿಗೆ ಇಮ್ಮಡಿ ಪೌರತ್ವ ಕೊಡಬಹುದೆಂದಿತು. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳಿದ ದಿನವಾದ ಜನವರಿ 9ನ್ನೇ ಆರಿಸಿ 2003ರಲ್ಲಿ ಮೊದಲ ಪ್ರವಾಸಿ ಭಾರತೀಯ ದಿವಸ ನಡೆಯಿತು. ಪ್ರಧಾನಿ ವಾಜಪೇಯಿ ಅಲ್ಲಿ ಇಮ್ಮಡಿ ಪೌರತ್ವದ ಭರವಸೆ ಕೊಟ್ಟರು.

ಕಾನೂನಾಗಿ ಬಂದದ್ದು ಮಾತ್ರ ಬೇರೆ. 2003ರ ತಿದ್ದುಪಡಿ ‘ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ’, ಅಂದರೆ ಓಸಿಐ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಮೊದಲು ಹದಿನಾರು ದೇಶಗಳಿಗೆ ಸೀಮಿತವಾಗಿದ್ದುದನ್ನು 2005ರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶಗಳ ಹೊರತು ಉಳಿದೆಡೆಗೆ ವಿಸ್ತರಿಸಲಾಯಿತು. 2006ರ ಜನವರಿಯಲ್ಲಿ ಹೈದರಾಬಾದಿನ ಸಮಾವೇಶದಲ್ಲಿ ಮೊದಲ ಕಾರ್ಡುಗಳನ್ನು ಹಂಚಿದರು. 2015ರಲ್ಲಿ ಪಿಐಒ ಕಾರ್ಡು ಇದರಲ್ಲಿ ಲೀನವಾಯಿತು. ಅದೇ ವರ್ಷದ ತಿದ್ದುಪಡಿ ಹೆಸರಿಗೆ ‘ಕಾರ್ಡುದಾರ’ ಎಂಬ ಪದವನ್ನು ಅಂಟಿಸಿತು. ಸಣ್ಣ ಪದವಾದರೂ ಸತ್ಯವನ್ನು ಹೇಳುವ ಪದ. ಇವನು ಪೌರನಲ್ಲ, ಕಾರ್ಡು ಉಳ್ಳವನು.

ಕಾರ್ಡಿನಿಂದ ಪ್ರಯೋಜನ ಕಡಿಮೆಯೇನಲ್ಲ. ಜೀವಮಾನವಿಡೀ ವೀಸಾ ಇಲ್ಲದೆ ಬಂದು ಹೋಗಬಹುದು. ಎಷ್ಟು ಕಾಲವಾದರೂ ಪೊಲೀಸ್ ನೋಂದಣಿಯಿಲ್ಲದೆ ಇರಬಹುದು. ಖಾಸಗಿ ಕೆಲಸ ಮಾಡಬಹುದು, ವ್ಯಾಪಾರ ಮಾಡಬಹುದು, ಮನೆ ನಿವೇಶನ ಕೊಳ್ಳಬಹುದು. ಇಲ್ಲಿ ವಾಸವಿದ್ದರೆ ಆಧಾರ್ ಕೂಡ ಸಿಗುತ್ತದೆ. ಆದರೆ ಕಾಯ್ದೆಯ 7ಬಿ ಕಲಂ ಕೊಡದ ಹಕ್ಕುಗಳ ಪಟ್ಟಿಯನ್ನೂ ಸ್ಪಷ್ಟವಾಗಿ ಬರೆದಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವಂತಿಲ್ಲ. ಶಾಸಕನಾಗುವಂತಿಲ್ಲ, ಸಂಸದನಾಗುವಂತಿಲ್ಲ. ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶದ ಹಕ್ಕಿಲ್ಲ. 7ಡಿ ಕಲಮಿನ ಪ್ರಕಾರ ಕೆಲವು ಕಾರಣಗಳಿಗಾಗಿ ಕಾರ್ಡನ್ನು ಕೇಂದ್ರ ಸರ್ಕಾರ ರದ್ದು ಮಾಡಬಹುದು. ಹುಟ್ಟಿನಿಂದ ಬಂದ ಪೌರತ್ವವನ್ನು ಹಾಗೆ ಕಿತ್ತುಕೊಳ್ಳಲಾಗದು.

ನೆಲದ ಮಾತು

ಬೆಂಗಳೂರಿನ ಫ್ಲಾಟಿಗೆ ಮರಳುವವನಿಗೂ ಪೆರೇಸಂದ್ರದ ಹೊಲಕ್ಕೆ ಮರಳುವವನಿಗೂ ಇರುವ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. 2021ರ ಮಾರ್ಚ್ 4ರ ಅಧಿಸೂಚನೆ ಓಸಿಐ ಕಾರ್ಡುದಾರರಿಗೆ ಸ್ಥಿರಾಸ್ತಿ ಕೊಳ್ಳುವ ಹಕ್ಕು ಕೊಡುವಾಗ ಕೃಷಿ ಭೂಮಿ, ಫಾರಂಹೌಸು, ಪ್ಲಾಂಟೇಶನ್ ಈ ಮೂರನ್ನು ಹೊರಗಿಟ್ಟಿದೆ. ವಿದೇಶಿ ವಿನಿಮಯದ 2019ರ ನಿಯಮಗಳಲ್ಲೂ ಇದೇ ತಡೆಯಿದೆ. ಕೊಳ್ಳುವುದಷ್ಟೇ ಅಲ್ಲ, ಕೃಷಿ ಭೂಮಿಯನ್ನು ದಾನವಾಗಿ ಪಡೆಯುವುದಕ್ಕೂ ಅಲ್ಲಿ ಅವಕಾಶವಿಲ್ಲ. ಉತ್ತರಾಧಿಕಾರದಿಂದ ಬಂದರೆ ಮಾತ್ರ ಇಟ್ಟುಕೊಳ್ಳಬಹುದು.

ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಬೇಸಾಯಗಾರನಲ್ಲದವನೂ ಜಮೀನು ಕೊಳ್ಳಬಹುದು ಎಂಬ ಮಾತು ಹರಡಿತು. ಅದರಿಂದ ಓಸಿಐಗೂ ದಾರಿ ಬಿಟ್ಟಿತೆಂದು ಕೆಲವರು ಭಾವಿಸಿದರು. ಅದು ತಪ್ಪು ತಿಳಿವಳಿಕೆ. ರಾಜ್ಯದ ಬೇಲಿ ಬಿದ್ದರೂ ಕೇಂದ್ರದ ಬೇಲಿ ಹಾಗೆಯೇ ಇದೆ.

ಮೇಲೆ ಹೇಳಿದ ಮನೆಯಲ್ಲಿ ಇದರ ಪರಿಣಾಮ ಹೀಗೆ. ಚಿಕ್ಕ ಮಗ ಅಮೆರಿಕದ ಪೌರನಾಗಿ ಬಂದರೆ, ತಂದೆ ಬದುಕಿರುವಾಗ ಎರಡು ಎಕರೆಯನ್ನು ಪ್ರೀತಿಯಿಂದ ಅವನ ಹೆಸರಿಗೆ ದಾನಪತ್ರ ಮಾಡಲು ಬರುವುದಿಲ್ಲ. ವಿಲ್ಲಿನ ಮೂಲಕವೋ, ಕಾಲಾನಂತರ ಪೌತಿ ಖಾತೆಯ ಮೂಲಕವೋ ಬರಬೇಕು. ಪಕ್ಕದ ಹೊಲ ಮಾರಾಟಕ್ಕೆ ಬಂದು, ಕೈಯಲ್ಲಿ ಹಣವಿದ್ದರೂ, ತನ್ನ ಹೆಸರಿಗೆ ಕ್ರಯಪತ್ರ ಮಾಡಿಸಿಕೊಳ್ಳಲಾಗದು. ಆಗ ಅಣ್ಣನ ಹೆಸರಿಗೆ ಕೊಂಡು, ಬಾಯಿಮಾತಿನ ನಂಬಿಕೆಯ ಮೇಲೆ ಇರೋಣವೆಂಬ ಆಲೋಚನೆ ಬರುತ್ತದೆ. ಅಣ್ಣತಮ್ಮಂದಿರ ಕಾಲಕ್ಕೆ ಅದು ನಡೆಯಬಹುದು. ಅವರ ಮಕ್ಕಳ ಕಾಲಕ್ಕೆ ಅದೇ ವ್ಯಾಜ್ಯದ ಬೀಜ. ಮೇಲಾಗಿ ಬೇನಾಮಿ ವ್ಯವಹಾರವನ್ನು ಕಾನೂನು ನಿಷೇಧಿಸಿದೆ.

ಭಾರತದ ಪೌರನಾಗಿಯೇ ಉಳಿದವನಿಗೂ, ಪರದೇಶದಲ್ಲಿ ವಾಸಿಸುತ್ತಿರುವಷ್ಟು ಕಾಲ ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂಬುದನ್ನು ಮರೆಯಬಾರದು. ಆದರೆ ಅವನು ನೆಲೆಸಲೆಂದು ಮರಳಿ ಬಂದ ಮೇಲೆ ಆ ತಡೆ ತಾನಾಗಿ ಹೋಗುತ್ತದೆ.

ಇನ್ನೊಂದು ತಟ್ಟೆಯಲ್ಲಿ ಏನಿದೆ?

ಹಾಗಾದರೆ ಅಮೆರಿಕದ ಪೌರತ್ವ ಬೇಡವೇ ಬೇಡವೆಂದು ತೀರ್ಮಾನಿಸುವುದು ಆತುರವಾಗುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಯೂ ಭಾರವಾದದ್ದೇ. ಗ್ರೀನ್ ಕಾರ್ಡು ಅಲ್ಲಿ ವಾಸಿಸುವವರಿಗೆ ಕೊಟ್ಟ ಪರವಾನಗಿ. ಪೆಟ್ಟಿಗೆಯಲ್ಲಿಟ್ಟು ಊರಿಗೆ ಬಂದರೆ ಅದು ಉಳಿಯುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದವನಿಗೆ ಆ ಕಾರ್ಡೊಂದರಿಂದಲೇ ಮರುಪ್ರವೇಶ ಸಿಗದು. ಮುಂಚಿತವಾಗಿ ಮರುಪ್ರವೇಶದ ಅನುಮತಿ ಪಡೆದರೂ ಅದಕ್ಕೆ ಎರಡು ವರ್ಷದ ಗಡುವು. ಉದ್ಯೋಗದ ಮೂಲಕ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ಬಹಳ ಉದ್ದ. ಒಮ್ಮೆ ಬಿಟ್ಟರೆ ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು.

ಪೌರತ್ವಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಐದು ವರ್ಷದ ಗ್ರೀನ್ ಕಾರ್ಡು ವಾಸ ಬೇಕು. ಊರಿಗೆ ಬಂದು ನೆಲೆಸಿದ ಮೇಲೆ ‘ಈಗ ತೆಗೆದುಕೊಳ್ಳುತ್ತೇನೆ’ ಎಂದರೆ ಆಗದು. ಆದ್ದರಿಂದಲೇ ‘ಹೋಗುವ ಮುಂಚೆ’ ಎಂಬ ಗೆಳೆಯರ ಮಾತಿನಲ್ಲಿ ತಿರುಳಿದೆ. ಇಲ್ಲಿ ಕಾಲವೇ ಮುಖ್ಯ. ಊರಿನ ಶಾಲೆ ಮಕ್ಕಳಿಗೆ ಒಗ್ಗದೆ ಹೋಗಬಹುದು, ಕೊಳವೆಬಾವಿ ಬತ್ತಬಹುದು, ದುಡಿಮೆ ಕೈಕೊಡಬಹುದು. ಮರಳಿ ಬಂದವರಲ್ಲಿ ಮತ್ತೆ ಹೊರಟವರೂ ಇದ್ದಾರೆ. ಅಂಥ ದಿನ ಬಂದರೆ ಅಮೆರಿಕದ ಪಾಸ್‌ಪೋರ್ಟು ಇದ್ದವನು ಟಿಕೆಟ್ ಕೊಂಡು ಹೋಗುತ್ತಾನೆ. ಇಲ್ಲದವನಿಗೆ ಆ ದಾರಿ ಮುಗಿದಂತೆ. ಅಲ್ಲಿ ಹುಟ್ಟಿದ ಮಕ್ಕಳು 21 ವರ್ಷ ತುಂಬಿದ ಮೇಲೆ ತಂದೆತಾಯಿಗೆ ಅರ್ಜಿ ಹಾಕಬಹುದೆಂಬುದು ದೂರದ ಒಂದು ಕಿರುದಾರಿ.

ಈ ಅನುಕೂಲಕ್ಕೆ ಬೆಲೆಯೂ ಇದೆ. ಅಮೆರಿಕ ತನ್ನ ಪೌರನ ಆದಾಯವನ್ನು ಅವನು ಎಲ್ಲಿದ್ದರೂ ಲೆಕ್ಕ ಕೇಳುತ್ತದೆ. ಪೆರೇಸಂದ್ರದಲ್ಲಿ ಕೂತವನೂ ಪ್ರತಿವರ್ಷ ಅಲ್ಲಿಗೆ ಲೆಕ್ಕಪತ್ರ ಸಲ್ಲಿಸಬೇಕು. ಹೊರದೇಶದ ಬ್ಯಾಂಕು ಖಾತೆಗಳ ಒಟ್ಟು ಮೊತ್ತ 10,000 ಡಾಲರ್ ದಾಟಿದರೆ ಅದನ್ನೂ ತಿಳಿಸಬೇಕು. ದ್ರಾಕ್ಷಿ ಮಾರಿ ಬಂದ ಹಣಕ್ಕೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಅಮೆರಿಕಕ್ಕೆ ಕಳಿಸುವ ಲೆಕ್ಕದಲ್ಲಿ ಅದನ್ನೂ ಕಾಣಿಸಬೇಕು.

ಮಕ್ಕಳ ಪಾಲು

ಈ ತೀರ್ಮಾನದಲ್ಲಿ ಮಕ್ಕಳ ಪಾಲನ್ನು ಎಷ್ಟೋ ತಂದೆತಾಯಿ ಕೊನೆಗೆ ಯೋಚಿಸುತ್ತಾರೆ. 2021ರ ಅಧಿಸೂಚನೆಯ ಪ್ರಕಾರ ನೀಟ್, ಜೆಇಇ ಮುಂತಾದ ಪರೀಕ್ಷೆ ಬರೆದ ಓಸಿಐ ವಿದ್ಯಾರ್ಥಿಗೆ ಅನಿವಾಸಿ ಭಾರತೀಯರ ಸೀಟುಗಳಲ್ಲಿ ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳಲ್ಲಿ ಮಾತ್ರ ಅವಕಾಶ. ಭಾರತದ ಪೌರರಿಗೆ ಮೀಸಲಾದ ಸೀಟುಗಳಲ್ಲಿಲ್ಲ. ಸುಪ್ರೀಂ ಕೋರ್ಟು 2023ರ ಫೆಬ್ರವರಿಯಲ್ಲಿ, ಹೀಗೆ ಮಾಡಲು ಸರ್ಕಾರಕ್ಕೆ ಅಧಿಕಾರವಿದೆ, ಆದರೆ ಅಧಿಸೂಚನೆಗೆ ಮುನ್ನ ಕಾರ್ಡು ಪಡೆದವರ ಹಳೆಯ ಹಕ್ಕಿಗೆ ಧಕ್ಕೆ ಬರಬಾರದು ಎಂದಿತು. ಉದಾಹರಣೆಯ ಮನೆಯಲ್ಲಿ ಹಿರಿಯ ಮಗಳು 2021ಕ್ಕೆ ಮುನ್ನವೇ ಕಾರ್ಡು ಪಡೆದಿದ್ದರೆ ಚಿಕ್ಕಬಳ್ಳಾಪುರದ ಉಳಿದ ಮಕ್ಕಳ ಜೊತೆ ಸಾಮಾನ್ಯ ಸೀಟಿಗೆ ಸ್ಪರ್ಧಿಸಬಹುದು. 2022ರಲ್ಲಿ ಹುಟ್ಟಿದ ತಮ್ಮನಿಗೆ ಆ ಅವಕಾಶವಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕತಮ್ಮಂದಿರಿಗೆ ಎರಡು ಕಾನೂನು.

ತಂದೆತಾಯಿ ಭಾರತದ ಪೌರರಾಗಿಯೇ ಉಳಿದಿದ್ದರೆ ಇಲ್ಲೂ ಒಂದು ದಾರಿಯಿದೆ. ಭಾರತೀಯ ಪೌರರ ಅಪ್ರಾಪ್ತ ಮಕ್ಕಳನ್ನು ಪೌರರೆಂದು ನೋಂದಾಯಿಸಲು ಕಾಯ್ದೆಯ 5ನೇ ಕಲಂ ಅವಕಾಶ ಕೊಡುತ್ತದೆ. ತಂದೆತಾಯಿ ಇಬ್ಬರೂ ಅಮೆರಿಕದ ಪ್ರಮಾಣ ತೆಗೆದುಕೊಂಡ ಮೇಲೆ ಈ ಬಾಗಿಲು ಮಕ್ಕಳಿಗೂ ಮುಚ್ಚುತ್ತದೆ.

ಇಬ್ಬರೂ ಎಂಬ ಮಾತಿನಲ್ಲೇ ಒಂದು ಮಧ್ಯದ ದಾರಿಯೂ ಅಡಗಿದೆ. ಗಂಡಹೆಂಡಿರಿಗೆ ಒಂದೇ ಪೌರತ್ವ ಇರಬೇಕೆಂದು ಎರಡು ದೇಶಗಳ ಕಾನೂನಿನಲ್ಲೂ ಇಲ್ಲ. ಒಬ್ಬರು ಅಮೆರಿಕದ ಪೌರರಾಗಿ ಓಸಿಐ ಪಡೆದು, ಇನ್ನೊಬ್ಬರು ಭಾರತದ ಪೌರರಾಗಿ ಉಳಿಯಬಹುದು. ಆಗ ಒಬ್ಬರ ಮೂಲಕ ಅಲ್ಲಿನ ದಾರಿ, ಇನ್ನೊಬ್ಬರ ಮೂಲಕ ಇಲ್ಲಿನ ನೆಲ ಮತ್ತು ಮತ ಉಳಿಯುತ್ತವೆ. ಇದು ಕಾನೂನು ಒಪ್ಪುವ ದಾರಿ. ಆದರೆ ಮನೆಯ ಆಸ್ತಿಯೆಲ್ಲ ಒಬ್ಬರ ಹೆಸರಿಗೆ ಬರುವುದರಿಂದ ದಾಂಪತ್ಯದ ನಂಬಿಕೆಯೂ ಗಟ್ಟಿಯಾಗಿರಬೇಕು.

ಬಿಟ್ಟದ್ದನ್ನು ಮತ್ತೆ ಪಡೆಯಬಹುದೇ?

ಪಡೆಯಬಹುದು, ನಿಧಾನವಾಗಿ. ಐದು ವರ್ಷ ಓಸಿಐ ಆಗಿದ್ದು, ಅರ್ಜಿಗೆ ಮುನ್ನ ಹನ್ನೆರಡು ತಿಂಗಳು ಭಾರತದಲ್ಲಿ ವಾಸವಾಗಿದ್ದವನು 5ನೇ ಕಲಮಿನ ಪ್ರಕಾರ ಮತ್ತೆ ಪೌರತ್ವ ಕೇಳಬಹುದು. ಆಗ ಅಮೆರಿಕದ ಪೌರತ್ವವನ್ನು ತ್ಯಜಿಸಬೇಕಾಗುತ್ತದೆ. ಈ ಅವಕಾಶವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತೀರ್ಮಾನದ ರೂಪವೇ ಬದಲಾಗುತ್ತದೆ. ಅಮೆರಿಕದ ಪೌರತ್ವವನ್ನು ಬಿಟ್ಟುಬಂದರೆ ಅದನ್ನು ಮತ್ತೆ ಗಳಿಸುವುದು ಬಹಳ ಕಷ್ಟ. ಭಾರತದ್ದನ್ನು ಬಿಟ್ಟರೆ ಕೆಲವು ವರ್ಷ ಕಾದು ಮತ್ತೆ ಕೇಳುವ ಹಾದಿಯಿದೆ. ಆದ್ದರಿಂದ ಊರು ಒಗ್ಗುವುದೋ ಇಲ್ಲವೋ ಎಂಬ ಅನುಮಾನ ಇರುವವನಿಗೆ ಮೊದಲು ಪೌರತ್ವ, ಆಮೇಲೆ ಓಸಿಐ, ಊರಿನಲ್ಲಿ ಬೇರು ಬಿಟ್ಟ ಮೇಲೆ ಪುನಃ ಭಾರತದ ಪೌರತ್ವ ಎಂಬ ಕ್ರಮ ಸಮಂಜಸ. ಬೇಸಾಯವನ್ನೇ ನಂಬಿ, ಮಕ್ಕಳನ್ನು ಇಲ್ಲಿಯವರಾಗಿಯೇ ಬೆಳೆಸುವ ನಿಶ್ಚಯ ಮಾಡಿದವನಿಗೆ, ಇರುವ ಪಾಸ್‌ಪೋರ್ಟಿನಲ್ಲೇ ಬರುವುದು ನೇರವಾದ ದಾರಿ. ಅವನಿಗೆ ನಷ್ಟವಾಗುವುದು ಹಿಂದಕ್ಕೆ ಹೋಗುವ ದಾರಿ. ಆ ನಷ್ಟವನ್ನು ಕಣ್ತೆರೆದು ಒಪ್ಪಿಕೊಂಡಿರಬೇಕು.

ತೀರ್ಮಾನ ಏನೇ ಇರಲಿ, ಅದಕ್ಕೆ ಮುನ್ನ ಮನೆಯವರೆಲ್ಲ ಕೂತು ಮೂರು ವಿಷಯ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಜಮೀನು ಯಾವ ರೀತಿಯಲ್ಲಿ, ಯಾರ ಹೆಸರಿಗೆ ಬರಬೇಕು? ಮಕ್ಕಳು ಎಲ್ಲಿ ಓದಬೇಕು? ಊರು ಒಗ್ಗದಿದ್ದರೆ ಮುಂದೇನು? ತಂದೆ ಜಮೀನು ಹಂಚುವ ಮನಸ್ಸು ಮಾಡಿದ್ದರೆ, ಮಗ ಪ್ರಮಾಣ ಸ್ವೀಕರಿಸುವ ದಿನಕ್ಕೆ ಮುಂಚೆಯೇ ವಕೀಲರನ್ನು ಕಂಡು ವಿಚಾರಿಸಬೇಕು. ಆ ದಿನದ ಹಿಂದು ಮುಂದು ಒಂದೇ ಕಾಗದಕ್ಕೆ ಎರಡು ಬೆಲೆ.

ಕೊನೆಯದಾಗಿ ಹಣದಲ್ಲಿ ಅಳೆಯಲಾಗದ ಒಂದು ಸಂಗತಿ. ಓಸಿಐ ಕಾರ್ಡುದಾರ ಊರಿನ ಶಾಲೆಗೆ ಕೊಠಡಿ ಕಟ್ಟಿಸಿಕೊಡಬಹುದು, ಜಾತ್ರೆಗೆ ಚಂದಾ ಕೊಡಬಹುದು, ಕೆರೆಯ ಹೂಳೆತ್ತಲು ಯಂತ್ರ ತರಿಸಬಹುದು. ಆದರೆ ಗ್ರಾಮಸಭೆ ಮತದಾರರ ಸಭೆ. ಆ ಕೆರೆಯ ನೀರು ಯಾರಿಗೆ, ರಸ್ತೆ ಎಲ್ಲಿಗೆ ಎಂದು ತೀರ್ಮಾನವಾಗುವಾಗ ಅವನ ಕೈ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿದ್ದೂ ಭಾರತದ ಪೌರನಾಗಿ ಉಳಿದವನಿಗೆ 2010ರ ತಿದ್ದುಪಡಿ ತನ್ನ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಮತದಾರನಾಗುವ ಹಕ್ಕು ಕೊಟ್ಟಿದೆ. ಮತಗಟ್ಟೆಗೆ ಖುದ್ದಾಗಿ ಬರಬೇಕಷ್ಟೆ. ಊರಿನಲ್ಲೇ ಮನೆ ಕಟ್ಟಿ ಕೂತ ಓಸಿಐ ಕಾರ್ಡುದಾರನಿಗೆ ಆ ಹಕ್ಕೂ ಇಲ್ಲ.

ತಾಯಿ ಫೋನಿನಲ್ಲಿ ಕೇಳುವ ಪ್ರಶ್ನೆಗೆ ಎರಡೂ ಪಾಸ್‌ಪೋರ್ಟುಗಳು ಉತ್ತರ ಕೊಡಬಲ್ಲವು. ಮಗ ಯಾವುದರಲ್ಲಿ ಬಂದರೂ ಅವಳಿಗೆ ಒಂದೇ. ವ್ಯತ್ಯಾಸ ತಿಳಿಯುವುದು ಬಂದ ಮೇಲೆ, ಪಂಚಾಯಿತಿ ಚುನಾವಣೆಯ ದಿನ, ಉಪನೋಂದಣಿ ಕಚೇರಿಯ ಮೆಟ್ಟಿಲ ಮೇಲೆ, ಮಗನ ಕಾಲೇಜು ಸೀಟಿನ ಸಾಲಿನಲ್ಲಿ. ಆ ದಿನಗಳನ್ನು ಈಗಲೇ ಕಣ್ಣ ಮುಂದೆ ತಂದುಕೊಂಡು ತೀರ್ಮಾನ ಮಾಡಿದವನಿಗೆ, ಯಾವ ತೀರ್ಮಾನ ಮಾಡಿದರೂ, ಪಶ್ಚಾತ್ತಾಪ ಕಡಿಮೆ.